ಬಾಟಲಿ ಕಣ್ಣೀರು

ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಇಲ್ಲದಿದ್ದರೂ ಹೇಗೋ ನಡೆಯುತ್ತೆ, ಆ ಪುಟ್ಟ ಬಾಟಲಿ ಇಲ್ಲದಿದ್ದರೆ ನಡೆಯೋಲ್ಲ. ಹತ್ತು ಎಂಎಲ್‌ನ ಕಣ್ಣಿನ ಡ್ರಾಪ್ಸ್. ಮೆಡಿಕಲ್ ಶಾಪಿನವನು "ಟಿಯರ್ ಡ್ರಾಪ್ಸಾ ಸಾರ್?" ಅಂತ ಕೇಳುತ್ತಾನೆ. ಡಬ್ಬಿಯ ಮೇಲೆ ಲೂಬ್ರಿಕೆಂಟ್ ಅಂತ ಬರೆದಿರುತ್ತೆ, ಗಾಡಿಗೆ ಹಾಕುವ ಎಣ್ಣೆಯ ಹಾಗೆ. ಒಟ್ಟಿನಲ್ಲಿ ನಾನು ಕಣ್ಣೀರನ್ನು ದುಡ್ಡು ಕೊಟ್ಟು ಕೊಂಡುಕೊಳ್ಳುವ ಗಿರಾಕಿ.

ಎರಡು ವರ್ಷದ ಹಿಂದೆ ಈ ಬಾಟಲಿಯಿಂದ ಒಂದು ಸುಳ್ಳು ನಡೆದುಹೋಯಿತು. ಅದನ್ನು ಸುಳ್ಳು ಅನ್ನಬಹುದಾ ಅಂತ ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಅಪ್ಪ ತೀರಿಕೊಂಡ ದಿನ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು, ಮೈಸೂರು, ನಂಜನಗೂಡು, ಬೇಗೂರು ದಾಟಿ, ಗುಂಡ್ಲುಪೇಟೆಯಲ್ಲಿ ಎಡಕ್ಕೆ ತಿರುಗಿ ತೆರಕಣಾಂಬಿ ಕಡೆಯ ನಮ್ಮೂರು ಸೇರುವಾಗ ಎಂಟು ಗಂಟೆ. ನಾಲ್ಕು ಗಂಟೆ ಹೊತ್ತು ಕಾರಿನ ಎಸಿ ಗಾಳಿ ಮುಖಕ್ಕೆ ಹೊಡೆದು ರೆಪ್ಪೆಯೊಳಗೆ ಮರಳು ತುಂಬಿದ ಹಾಗಿತ್ತು. ಕಾರು ನಿಲ್ಲಿಸಿದವನು, ದಿನಾ ಮಾಡುವ ಹಾಗೆ, ಯೋಚನೆಯನ್ನೂ ಮಾಡದೆ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡು ಇಳಿದೆ. ಬಾಟಲಿಯ ಒಂದು ಹನಿ ಕಣ್ಣು ಹಿಡಿದಿಟ್ಟುಕೊಳ್ಳುವುದಕ್ಕಿಂತ ದೊಡ್ಡದು. ಹೆಚ್ಚಾದದ್ದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕೆನ್ನೆಗೆ ಇಳಿಯಿತು.

ಜಗಲಿಯ ಮೇಲೆ ನನ್ನ ಸೋದರತ್ತೆ ಕೂತಿದ್ದರು, ಅಪ್ಪನ ಅಕ್ಕ. ನನ್ನನ್ನು ನೋಡಿದವರೇ ಎದ್ದು ಬಂದು ಸೆರಗಿನಿಂದ ನನ್ನ ಕೆನ್ನೆ ಒರೆಸಿದರು. "ಅಳು ಮಗ, ಒಳಗ ಇಟ್ಕಬ್ಯಾಡ, ಅತ್ಬುಡು" ಅಂತ ನನ್ನ ಹೆಗಲಿಗೆ ಒರಗಿ ತಾವೇ ಜೋರಾಗಿ ಅತ್ತರು. ರಾತ್ರಿಯಿಂದ ಅವರು ಒಂದು ಹನಿ ಅತ್ತಿರಲಿಲ್ಲವಂತೆ, ಕಲ್ಲಿನ ಹಾಗೆ ಕೂತಿದ್ದರಂತೆ. ಸುತ್ತ ಇದ್ದವರು "ಸದ್ಯ, ಅತ್ತಳಲ್ಲ" ಅಂದರು. ನಾನು ತುಟಿ ಬಿಚ್ಚಲಿಲ್ಲ. ಅತ್ತೆ, ನೀವು ಒರೆಸಿದ್ದು ನೂರಾ ಚಿಲ್ಲರೆ ರೂಪಾಯಿಯ ಔಷಧಿ ಅಂತ ಅವರ ತಲೆ ನನ್ನ ಹೆಗಲ ಮೇಲಿದ್ದಾಗ ಹೇಗೆ ಹೇಳೋದು?

ಅವತ್ತು ನನಗೆ ನಿಜವಾದ ಕಣ್ಣೀರು ಬರಲೇ ಇಲ್ಲ. ಮೂರು ಹಿಡಿ ಮಣ್ಣು ಹಾಕುವಾಗ ಬರಲಿಲ್ಲ. ಹಾಲು-ತುಪ್ಪದ ದಿನ ಬರಲಿಲ್ಲ, ಹನ್ನೊಂದನೇ ದಿನದ ತಿಥಿಗೂ ಬರಲಿಲ್ಲ.

ಮೊದಮೊದಲು ನಾನು ಇದನ್ನು ಕಣ್ಣಿನ ತಲೆಗೆ ಕಟ್ಟಿದೆ. ನನ್ನದು ಒಣಗಣ್ಣು, ಡಾಕ್ಟರೇ ಹೇಳಿದ್ದಾರೆ. ರೆಪ್ಪೆಯಡಿ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದ್ದರು. ಆರೋಗ್ಯವಂತ ಕಣ್ಣಿನಲ್ಲಿ ಸಾಮಾನ್ಯವಾಗಿ ಹತ್ತು ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾಗುತ್ತದೆ. ನನ್ನದು ಆರಕ್ಕೆ ನಿಂತಿತ್ತು. ಹನ್ನೆರಡು ವರ್ಷ ಸ್ಕ್ರೀನ್ ಮುಂದೆ ಕೂತ ಸಂಪಾದನೆ. ಮನುಷ್ಯ ಸುಮ್ಮನಿದ್ದಾಗ ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿಯುತ್ತಾನೆ. ಸ್ಕ್ರೀನ್ ಮುಂದೆ ಅದು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಬಡಿದರೂ ಪೂರ್ತಿ ಮುಚ್ಚದೆ ಅರ್ಧಕ್ಕೇ ತೆರೆದುಬಿಡುತ್ತೇವೆ.

ಕಣ್ಣೀರು ಅಂದರೆ ಅಳುವಾಗ ಬರುವ ಉಪ್ಪುನೀರು ಅಂತಷ್ಟೇ ನಾನು ತಿಳಿದಿದ್ದೆ. ಈ ಸಾಲು ಓದುತ್ತಿರುವ ನಿಮ್ಮ ಕಣ್ಣಿನ ಮೇಲೂ ಈಗ ಕಣ್ಣೀರಿದೆ. ಮೂರು ಕಡೆಯಿಂದ ಬಂದ ಸಾಮಾನು ಸೇರಿ ಅದು ತಯಾರಾಗುತ್ತದೆ. ಹುಬ್ಬಿನ ಹೊರತುದಿಯ ಕೆಳಗೆ, ಮೂಳೆಯ ಮರೆಯಲ್ಲಿ, ಬಾದಾಮಿ ಆಕಾರದ ಒಂದು ಗ್ರಂಥಿ ಇದೆ. ಅದೂ ರೆಪ್ಪೆಯೊಳಗಿನ ಇನ್ನಷ್ಟು ಪುಟಾಣಿ ಗ್ರಂಥಿಗಳೂ ನೀರು ಕೊಡುತ್ತವೆ. ರೆಪ್ಪೆಯ ಅಂಚಿನುದ್ದಕ್ಕೂ ಸಾಲಾಗಿರುವ ಬೇರೆ ಗ್ರಂಥಿಗಳಿಂದ ಎಣ್ಣೆ ಬರುತ್ತದೆ. ಬಿಳಿಗುಡ್ಡೆಯನ್ನು ಹೊದ್ದಿರುವ ತೆಳು ಪೊರೆಯಿಂದ ಲೋಳೆ. ಲೋಳೆ ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುತ್ತದೆ, ಮೇಲಿನ ಎಣ್ಣೆ ಅದು ಆವಿಯಾಗದ ಹಾಗೆ ಕಾಯುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಈ ಪದರ ಹೊಸದಾಗಿ ಹರಡುತ್ತದೆ. ಬಳಸಿದ ನೀರು ಮೂಗಿನ ಪಕ್ಕದ ಮೂಲೆಯಲ್ಲಿ, ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲಿರುವ ಸೂಜಿಮೊನೆಯಷ್ಟು ತೂತುಗಳಿಂದ ಒಳಗಿಳಿದು, ಒಂದು ಸಣ್ಣ ಚೀಲಕ್ಕೆ ಬಂದು, ಅಲ್ಲಿಂದ ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ಚರಂಡಿಗೆ ಹೊರಲಾಗದಷ್ಟು ನೀರು ಬಂದಾಗ ಮಾತ್ರ ಕೆನ್ನೆಯ ಮೇಲೆ ಹರಿಯುತ್ತದೆ. ಅಂದರೆ ನಾವು ಕಣ್ಣೀರು ಅಂತ ಕರೆಯುವುದು ಕಣ್ಣೀರಿನ ಓವರ್‌ಫ್ಲೋ ಮಾತ್ರ. ಉಳಿದದ್ದೆಲ್ಲ ಯಾರಿಗೂ ಕಾಣದ ಬ್ಯಾಕ್‌ಗ್ರೌಂಡ್ ಪ್ರೋಸೆಸ್. ಅದು ನಿಂತ ದಿನವೇ ಅದು ಇತ್ತು ಅಂತ ಗೊತ್ತಾಗುವುದು.

ಈ ನೀರು ಕಾವಲುಗಾರನೂ ಹೌದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1922ರಲ್ಲಿ, ಬ್ಯಾಕ್ಟೀರಿಯಾವನ್ನು ಕರಗಿಸುವ ಲೈಸೋಜೈಮ್ ಎಂಬ ವಸ್ತುವಿನ ಬಗ್ಗೆ ಬರೆದಿದ್ದ. ಮೂಗಿನ ಸಿಂಬಳದಲ್ಲಿ ಮೊದಲು ಸಿಕ್ಕಿದ ಅದು ಕಣ್ಣೀರಿನಲ್ಲಿ ಧಾರಾಳವಾಗಿತ್ತು. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ? ಜೊತೆಯಲ್ಲಿ ಕೆಲಸ ಮಾಡುವವರ ಕಣ್ಣಿಗೆ ನಿಂಬೆರಸ ಹಿಂಡಿ ಸಂಗ್ರಹಿಸುತ್ತಿದ್ದನಂತೆ.

ಆದರೆ ನನ್ನ ನೆಪ ಬಹಳ ದಿನ ಉಳಿಯಲಿಲ್ಲ. ಮುಂದಿನ ಸಲ ಕಣ್ಣು ತೋರಿಸಲು ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ, ಕಣ್ಣು ಒಣಗಿದ್ದರಿಂದ ನನಗೆ ಅಳು ಬರಲಿಲ್ಲವಾ ಅಂತ. ಅವರು ನಕ್ಕರು. "ನಿಮ್ಮಷ್ಟು ಒಣಗಿರೋರು ದಿನಾ ಇಲ್ಲಿ ಕೂತು ಅಳ್ತಾರೆ ಕಣ್ರೀ. ದಿನದ ಕಣ್ಣೀರೇ ಬೇರೆ, ಅಳುವ ಕಣ್ಣೀರೇ ಬೇರೆ. ಗ್ರಂಥಿ ಒಂದೇ ಇರಬಹುದು, ಸ್ವಿಚ್ಚು ಬೇರೆ." ಅಳುವೇ ಬಾರದಷ್ಟು ಗ್ರಂಥಿ ಕೆಡುವ ಕಾಯಿಲೆಗಳೂ ಇವೆ, ನನ್ನದು ಅದಲ್ಲ ಅಂದರು. ಬಿಲ್ ಕಟ್ಟಿ ಹೊರಗೆ ಬಂದೆ. ಕಣ್ಣಿನ ತಪ್ಪಲ್ಲ ಅಂದಮೇಲೆ ತಪ್ಪು ಯಾರದು?

ಕಣ್ಣೀರಿಗೂ ದುಃಖಕ್ಕೂ ಇರುವ ಸಂಬಂಧ ಎಷ್ಟು ಸಡಿಲ ಅನ್ನೋದು ನನಗೆ ಚಿಕ್ಕವನಾಗಿದ್ದಾಗಲೇ ಗೊತ್ತಿರಬೇಕಿತ್ತು. ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಅರಿಶಿನ, ಚೆಂಡುಹೂವಿನ ಜೊತೆಗೆ ಸಣ್ಣ ಈರುಳ್ಳಿ ಬೆಳೆಯುತ್ತಾರೆ, ನೀವು ಸಾಂಬಾರಿಗೆ ಇಡಿಯಾಗಿ ಹಾಕುವುದು. ಕಿತ್ತಮೇಲೆ ಹೆಂಗಸರು ಹೊಲದಲ್ಲೇ ಸಾಲಾಗಿ ಕೂತು ದಂಟು ಕತ್ತರಿಸಿ ಗುಡ್ಡೆ ಹಾಕುತ್ತಾರೆ. ಎಲ್ಲರ ಕಣ್ಣಲ್ಲೂ ನೀರು. ಹಾಗೆ ಅಳುತ್ತಲೇ ಮನೆ ಸುದ್ದಿ ಮಾತಾಡುತ್ತಾರೆ, ನಗುತ್ತಾರೆ, ಎಲೆಅಡಿಕೆ ಹಾಕುತ್ತಾರೆ. ಈರುಳ್ಳಿಯ ಕೋಶ ಕತ್ತರಿಸಿದಾಗ ಅದರೊಳಗೆ ಬೇರೆಬೇರೆ ಕೋಣೆಯಲ್ಲಿದ್ದ ರಾಸಾಯನಿಕ ಮತ್ತು ಕಿಣ್ವಗಳು ಬೆರೆತು ಒಂದು ಅನಿಲ ಹುಟ್ಟುತ್ತದೆ. ಅದು ಕಣ್ಣಿನ ಮುಂಭಾಗದ ನರತುದಿಗಳನ್ನು ಕೆರಳಿಸುತ್ತದೆ, ಮಿದುಳು ಗ್ರಂಥಿಗೆ ಹೇಳಿ ನೀರು ಸುರಿಸಿ ತೊಳೆಸುತ್ತದೆ. ಈ ಕೆಲಸಕ್ಕೆಂದೇ ಈರುಳ್ಳಿಯಲ್ಲಿ ಒಂದು ಪ್ರತ್ಯೇಕ ಕಿಣ್ವ ಇದೆ ಅಂತ ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2002ರಲ್ಲಿ.

ನನ್ನ ಅತ್ತೆ ಆ ಸಾಲಿನಲ್ಲಿ ಎಷ್ಟೋ ವರ್ಷ ಕೂತವರು. ಮದುವೆಯಾಗಿ ಆರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ ಬಂದವರು. ನಾನು ಪಿಯುಸಿ ಓದುವಾಗ ಒಮ್ಮೆ ಹೇಳಿದ್ದರು: "ಈರುಳ್ಳಿ ಕಾಲದಲ್ಲಿ ಅಳಾದು ಸಲೀಸು ಕನಪ್ಪ. ಯಾಕ್ ಅತ್ತೀಯಾ ಅಂತ ಯಾರೂ ಕೇಳಲ್ಲ." ಆಗ ನನಗೆ ಅದು ತಮಾಷೆಯಾಗಿ ಕೇಳಿಸಿತ್ತು. ಈಗ ನೆನೆದರೆ, ಆ ಹೊಲದಲ್ಲಿ ನಿಜವಾದ ಕಣ್ಣೀರೊಂದು ಸುಳ್ಳು ಕಣ್ಣೀರಿನ ಗುಂಪಿನಲ್ಲಿ ತಲೆಮರೆಸಿಕೊಂಡು ಕೂತಿರುತ್ತಿತ್ತು. ನನ್ನ ಬಾಟಲಿಯ ಹನಿ ಮಾಡಿದ್ದು ಅದರ ಉಲ್ಟಾ. ಸುಳ್ಳು ನೀರು ನಿಜವಾದ ಅಳುವಿನ ಗುಂಪಿನಲ್ಲಿ ಬಂದು ಸೇರಿಕೊಂಡಿತು.

ಹಾಗಾದರೆ ದುಃಖದ ಕಣ್ಣೀರು ಯಾಕೆ ಇದೆ? ಕಣ್ಣಿಗೆ ಧೂಳು ಬಿದ್ದಿಲ್ಲ, ಒಣಗಿಲ್ಲ. ತೊಳೆಯುವುದಕ್ಕೆ ಏನೂ ಇಲ್ಲ. 1872ರಲ್ಲಿ ಡಾರ್ವಿನ್ ಭಾವನೆಗಳ ಬಗ್ಗೆ ಪುಸ್ತಕ ಬರೆದಾಗ ಇದಕ್ಕೆ ಸ್ವಂತದ ಉಪಯೋಗವೇನೂ ಕಾಣಲಿಲ್ಲ. ಕಿರುಚುವಾಗ ಕಣ್ಣಿನ ಸುತ್ತಲ ಸ್ನಾಯು ಹಿಂಡಿ ಜೊತೆಗೆ ಬಂದ ನೀರು ಅಂದುಕೊಂಡ. 1980ರ ದಶಕದಲ್ಲಿ ಅಮೆರಿಕದ ವಿಲಿಯಂ ಫ್ರೇ ಎಂಬ ವಿಜ್ಞಾನಿ ಸಿನಿಮಾ ನೋಡಿ ಅತ್ತವರ ಕಣ್ಣೀರನ್ನೂ ಈರುಳ್ಳಿಯಿಂದ ಬಂದ ಕಣ್ಣೀರನ್ನೂ ಹೋಲಿಸಿ, ಅಳುವಿನದರಲ್ಲಿ ಪ್ರೋಟೀನ್ ಹೆಚ್ಚಿದೆ ಎಂದ. ಮನಸ್ಸಿನ ಒತ್ತಡದ ರಾಸಾಯನಿಕಗಳು ಕಣ್ಣೀರಿನಲ್ಲಿ ಹೊರಗೆ ಹೋಗುತ್ತವೆ ಅನ್ನೋದು ಅವನ ಊಹೆ. ವಾಟ್ಸಾಪಿನಲ್ಲಿ ಓಡಾಡುವ 'ಅಳಿ, ವಿಷ ಹೊರಹಾಕಿ' ಮೆಸೇಜುಗಳಿಗೆ ಇದೇ ಮೂಲ. ಆದರೆ ನಾಲ್ಕು ಹನಿಯಲ್ಲಿ ಹೊರಹೋಗುವುದು ಎಷ್ಟು ಮಹಾ? ಆ ಊಹೆಗೆ ಗಟ್ಟಿ ಆಧಾರ ಇನ್ನೂ ಸಿಕ್ಕಿಲ್ಲ.

ನನಗೆ ಒಪ್ಪಿಗೆಯಾದದ್ದು ಇನ್ನೊಂದು ವಿವರಣೆ. 2009ರಲ್ಲಿ ರಾಬರ್ಟ್ ಪ್ರೊವೈನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಳುತ್ತಿರುವವರ ಫೋಟೋ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಕಣ್ಣೀರನ್ನು ಮಾತ್ರ ಅಳಿಸಿ, ಜನರಿಗೆ ತೋರಿಸಿದರು. ಮುಖ ಅದೇ, ತುಟಿಯ ಸೊಟ್ಟು ಅದೇ. ಆದರೂ ನೋಡಿದವರಿಗೆ ದುಃಖ ಕಡಿಮೆ ಕಂಡಿತು. ಕೆಲವು ಮುಖಗಳು ಬೆರಗಾದಂತೆ, ಯೋಚಿಸುತ್ತಿರುವಂತೆ ಕಂಡವು. ಹೆರಿಗೆಯಾದ ಮನೆಯವರಿಗೆ ಗೊತ್ತು, ಹಸುಗೂಸು ಮೊದಲ ಕೆಲವು ವಾರ ಎಷ್ಟು ಕಿರುಚಿದರೂ ಕಣ್ಣಿಂದ ನೀರು ಸುರಿಯುವುದಿಲ್ಲ. ಕೂಗು ಮೊದಲು ಬರುತ್ತೆ, ನೀರು ಆಮೇಲೆ. ಕೂಗು ದೂರದವರಿಗೆ, ನಾಯಿಗೂ ನರಿಗೂ ಕೇಳುತ್ತೆ. ಕಣ್ಣೀರು ಹತ್ತಿರ ಇದ್ದವರಿಗೆ ಮಾತ್ರ ಕಾಣುತ್ತೆ. ಅದು ಹತ್ತಿರದವರಿಗೆಂದೇ ಕಳಿಸಿದ ಸುದ್ದಿ. ಅತ್ತವನ ಕಣ್ಣು ಮಂಜಾಗುತ್ತೆ, ಅವನಿಗೆ ಎದುರಿನದು ಸರಿಯಾಗಿ ಕಾಣೋದಿಲ್ಲ, ಆದರೆ ಎದುರಿನವರಿಗೆ ಅವನು ಚೆನ್ನಾಗಿ ಕಾಣುತ್ತಾನೆ.

ಇದನ್ನು ಒಪ್ಪಿಕೊಂಡರೆ ನಮ್ಮೂರಿನ ಸಾವಿನ ಮನೆ ಬೇರೆಯಾಗಿ ಕಾಣಿಸುತ್ತೆ. ಕಾಲೇಜಿಗೆ ಹೋದಮೇಲೆ ನನಗೆ ಆ ಅಳು ನಾಟಕ ಅನ್ನಿಸುತ್ತಿತ್ತು. ಬಸ್ಸಿಂದ ಇಳಿದಾಗ ಮಾತಾಡಿಕೊಂಡು ಬರುವ ಹೆಂಗಸರು ಬೀದಿಯ ತಿರುವು ಬರುತ್ತಿದ್ದ ಹಾಗೆ ಎದೆ ಬಡಿದುಕೊಂಡು ಶುರು ಮಾಡುತ್ತಾರೆ. ಹಾಡಿಕೊಂಡು ಅಳುತ್ತಾರೆ. ಅಪ್ಪನ ತಲೆಯ ಹತ್ತಿರ ಕೂತಿದ್ದ ಅಮ್ಮನೂ ಹಾಗೆಯೇ ರಾಗವಾಗಿ ಅಪ್ಪನನ್ನು ಬೈಯುತ್ತಿದ್ದಳು. ಕೆಂದೆತ್ತು ಮಾರಿದ್ದು, ಬೋರು ಕೊರೆಸಿ ನೀರು ಬಾರದಿದ್ದದ್ದು, ನನ್ನ ಬಿಇ ಸೀಟಿಗೆ ಅವಳ ಓಲೆ ಅಡವಿಟ್ಟದ್ದು, ಬಿಡಿಸಿಕೊಡದೆ ಹೊರಟೇಬಿಟ್ಟೆಯಲ್ಲ ಅಂತ. ಆ ಓಲೆಯ ವಿಷಯ ನನಗೆ ಗೊತ್ತಾಗಿದ್ದು ಅವತ್ತೇ. ಆ ಅಳುವಿನಲ್ಲಿ ಒಂದು ಸಂಸಾರದ ಲೆಕ್ಕಪತ್ರ ಇತ್ತು, ಅದನ್ನು ಊರು ಕೂತು ಕೇಳಿಸಿಕೊಳ್ಳುತ್ತಿತ್ತು. ಎದೆಯೊಳಗಿನದು ಹೊರಗಿದ್ದವರಿಗೆ ತಲುಪಲಿ ಅಂತಲೇ ಇರುವ ಏರ್ಪಾಡು ಅದು. ಹುಟ್ಟಿನಿಂದ ಬಾಯಿ ಮುಚ್ಚಿಸಿಕೊಂಡ ಹೆಂಗಸಿಗೆ ಅಲ್ಲೊಂದು ದಿನ ಯಾರೂ ತಡೆಯದ ಮಾತು.

ಈಗ ನನ್ನ ಕಡೆಗೆ ಬರುತ್ತೇನೆ. ನಾನು ಹತ್ತಿರದವರಿಗೆ ಏನು ತಲುಪಿಸಿದೆ?

ಅವತ್ತು ರಾತ್ರಿ ಮೂರು ಗಂಟೆಗೆ ಫೋನು ಬಂತು, ತಂಗಿಯದು. ಚಾಮರಾಜನಗರದಿಂದ ಅಪ್ಪನನ್ನು ನೋಡಲು ಬಂದು ಅಲ್ಲೇ ಉಳಿದಿದ್ದಳು. "ಅಣ್ಣಾ, ಅಪ್ಪ ಹೋಗ್ಬುಟ್ರು." ಎದೆನೋವು ಅಂತ ಎದ್ದು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಊರಿನ ಡಾಕ್ಟರು ಬಂದು ನೋಡಿ ಹೇಳಿಹೋಗಿದ್ದರು. ನಾನು ಅವಳಿಗೆ ಹೇಳಿದ ಮೊದಲ ಮಾತು: "ಫ್ಯಾನ್ ಆಫ್ ಮಾಡು."

ಇದಕ್ಕೆ ಹಿನ್ನೆಲೆ ಇದೆ. ನಮ್ಮ ಕಡೆಯವರಿಗೆ ರಾಜ್‌ಕುಮಾರ್ ಅಂದರೆ ಗಡಿಯಾಚೆ ಪಕ್ಕದಲ್ಲೇ ಇರುವ ಗಾಜನೂರಿನವರು, ಮನೆಯವರ ಹಾಗೆ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗಲೂ ಅಷ್ಟೇ. ಕಣ್ಣಿನ ಮುಂಭಾಗದ ಗಾಜಿನಂಥ ಪದರ ಇದೆಯಲ್ಲ, ಕಾರ್ನಿಯಾ, ಪುನೀತ್ ಅವರ ಎರಡು ಕಾರ್ನಿಯಾಗಳನ್ನು ನಾರಾಯಣ ನೇತ್ರಾಲಯದ ವೈದ್ಯರು ಪದರ ಬಿಡಿಸಿ ನಾಲ್ಕು ಜನರಿಗೆ ಜೋಡಿಸಿದರು. ಟಿವಿಯಲ್ಲಿ ಅದನ್ನು ನೋಡಿದ ಅಪ್ಪ ಮುಂದಿನ ತಿಂಗಳೇ ಒಂದು ಶಿಬಿರದಲ್ಲಿ ಹೆಸರು ಬರೆಸಿ ಬಂದರು. "ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟೀಯ" ಅಂತ ಅತ್ತೆ ಬೈದಿದ್ದಕ್ಕೆ "ಹಂಗಾರ ಅಣ್ಣಾವ್ರೂ ಕುರುಡಾಗಿ ಹುಟ್ಟಾರ?" ಅಂದು ಬಾಯಿ ಮುಚ್ಚಿಸಿದ್ದರು. ಕಾರ್ಡು ನನ್ನ ಕೈಗೆ ಕೊಟ್ಟು, ಇದು ನಿನ್ನ ಜವಾಬ್ದಾರಿ ಅಂದಿದ್ದರು.

ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಅದು ಗಾಜಿನ ಹಾಗೆ ಸ್ವಚ್ಛವಾಗಿ ಇರುತ್ತಿರಲಿಲ್ಲ. ರಕ್ತ ಇಲ್ಲದ ಅದಕ್ಕೆ ಉಸಿರು ಬರುವುದು ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ. ಬದುಕಿರುವಷ್ಟು ದಿನ ಕಣ್ಣೀರು ಅದನ್ನು ಒದ್ದೆಯಾಗಿಟ್ಟು ಕಾಯುತ್ತದೆ. ಜೀವ ಹೋದ ಕೂಡಲೇ ಆ ಕೆಲಸ ನಿಲ್ಲುತ್ತದೆ, ಒಣಗುವುದು ಶುರುವಾಗುತ್ತದೆ. ಅದಕ್ಕೇ ರೆಪ್ಪೆ ಮುಚ್ಚಬೇಕು, ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯನ್ನು ಸ್ವಲ್ಪ ಎತ್ತರದಲ್ಲಿಡಬೇಕು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಇವೆಲ್ಲ ಕಾರ್ಡಿನ ಹಿಂದೆ ಇದ್ದವು, ನನಗೆ ಬಾಯಿಪಾಠ ಆಗಿದ್ದವು. ಒಂದೊಂದಾಗಿ ಹೇಳುತ್ತ ಹೋದೆ. ತಂಗಿ ಮಧ್ಯೆ ಒಮ್ಮೆ "ಅಣ್ಣಾ, ಅಪ್ಪ ಸತ್ತೋದ್ರು ಅಂತ ಹೇಳ್ತಿದೀನಿ" ಅಂದಳು. ನಾನು "ಹತ್ತಿ ಒದ್ದೆ ಮಾಡಿದ್ಯಾ?" ಅಂದೆ. ಫೋನಿಟ್ಟು ಮೈಸೂರಿನ ನೇತ್ರ ಬ್ಯಾಂಕಿಗೆ ಕರೆ ಮಾಡಿದೆ. ಅವರು ಆರೂವರೆಗೆ ಊರು ತಲುಪಿ ಕೆಲಸ ಮುಗಿಸಿ ಹೊರಟುಹೋಗಿದ್ದರು. ಎಲ್ಲ ಚೊಕ್ಕಟವಾಗಿ ನಡೆಯಿತು. ರಾತ್ರಿ ಸರ್ವರ್ ಬಿದ್ದಾಗ ಕಾಲ್ ಹಿಡಿದು ಹತ್ತು ಜನರಿಂದ ಕೆಲಸ ಮಾಡಿಸುವವನಿಗೆ ಇದು ಕಷ್ಟವಾಗಲಿಲ್ಲ.

ಆರು ತಿಂಗಳಾದ ಮೇಲೆ ಬೇರೆ ಯಾವುದೋ ವಿಷಯಕ್ಕೆ ಜಗಳವಾಗಿ ತಂಗಿ ಅಂದಳು: "ಅವತ್ತು ರಾತ್ರಿ ನಾನು ನನ್ನಣ್ಣಂಗೆ ಫೋನ್ ಮಾಡ್ದೆ. ಎತ್ತಿದ್ದು ಕಸ್ಟಮರ್ ಕೇರು."

ನಾನು ವಾದ ಮಾಡಿದೆ. ಅವತ್ತು ನಾನೂ ಫೋನಿನಲ್ಲಿ ಅಳುತ್ತ ಕೂತಿದ್ದರೆ ಅಪ್ಪನ ಆಸೆ ನೆರವೇರುತ್ತಿತ್ತಾ? ಯಾರದೋ ಎರಡು ಕಣ್ಣು ಬೆಳಕಾಗುತ್ತಿತ್ತಾ? ನೀವೆಲ್ಲ ಅತ್ತಿರಿ, ನಾನು ಕೆಲಸ ಮಾಡಿದೆ. ಈ ವಾದದಲ್ಲಿ ಸುಳ್ಳಿಲ್ಲ. ಈಗಲೂ ಅದೇ ಫೋನು ಬಂದರೆ ಮೊದಲು ಫ್ಯಾನ್ ಆಫ್ ಮಾಡಿಸುತ್ತೇನೆ. ಆದರೂ ವಾದ ಗೆದ್ದಮೇಲೆ ತಂಗಿ ನನಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದಳು.

ಕಳೆದ ವರ್ಷ ಅತ್ತೆಗೆ ಹೊಸ ತೊಂದರೆ ಶುರುವಾಯಿತು. ಎಡಗಣ್ಣಲ್ಲಿ ಸದಾ ನೀರು. ಊಟಕ್ಕೆ ಕೂತರೂ, ಟಿವಿ ನೋಡಿದರೂ ಕೆನ್ನೆಯ ಮೇಲೆ ಸುರಿಯುತ್ತಲೇ ಇರುತ್ತದೆ. ಊರಲ್ಲಿ "ಪಾಪ, ತಮ್ಮನ್ನ ನೆನ್ಕಂಡು ಅಳ್ತದ" ಅಂತ ಸುದ್ದಿ. ಚಾಮರಾಜನಗರಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ರೆಪ್ಪೆಯ ಮೂಲೆಯ ಆ ಸೂಜಿಮೊನೆ ತೂತಿಗೆ ಸಣ್ಣ ಸಿರಿಂಜಿನಿಂದ ಉಪ್ಪುನೀರು ಬಿಟ್ಟು "ಅಮ್ಮಾ, ಗಂಟಲಿಗೆ ಉಪ್ಪು ಬಂತಾ?" ಅಂತ ಕೇಳಿದರು. ಬರಲಿಲ್ಲ, ಬಿಟ್ಟ ನೀರು ವಾಪಸ್ಸು ಕಣ್ಣಿಗೇ ಉಕ್ಕಿತು. ಮೂಗಿಗೆ ಹೋಗುವ ನಾಳ ಕಟ್ಟಿಕೊಂಡಿದೆ, ವಯಸ್ಸಾದ ಹೆಂಗಸರಲ್ಲಿ ಇದು ಮಾಮೂಲು, ಚಿಕ್ಕ ಆಪರೇಷನ್ ಮಾಡಿ ಮೂಗಿಗೆ ಹೊಸ ದಾರಿ ಮಾಡಿಕೊಡಬೇಕು ಅಂದರು. ಅತ್ತೆಯ ಕಣ್ಣೀರು ಹೆಚ್ಚಾಗಿರಲಿಲ್ಲ, ಹೋಗುವ ದಾರಿ ಮುಚ್ಚಿತ್ತು.

ವಾಪಸ್ಸು ಬರುವಾಗ ಕಾರಿನಲ್ಲಿ ಅತ್ತೆ ನಗುತ್ತಿದ್ದರು. "ನೋಡ್ದಾ, ನಾನು ಅಳ್ದಲೇ ಊರೆಲ್ಲ ಅಳ್ತೀನಿ ಅಂತ ಹೆಸರು ತಕ್ಕಂಡಿನಿ." ಆ ನಗು ಕೇಳಿ ನನಗೆ ಧೈರ್ಯ ಬಂತೋ ಏನೋ, ಹೇಳಿಬಿಟ್ಟೆ. ಅವತ್ತು ಜಗಲಿ ಮುಂದೆ ನೀವು ಒರೆಸಿದ್ದು ಕಣ್ಣೀರಲ್ಲ ಅತ್ತೆ, ಡ್ರಾಪ್ಸು.

ಅವರ ನಗು ನಿಂತಿತು. ಸುಮಾರು ಹೊತ್ತು ಹೊರಗೆ ನೋಡುತ್ತ ಕೂತರು. ಹೇಳಬಾರದಿತ್ತು ಅನ್ನಿಸಿತು. ಅವರ ಅಳುವಿಗೆ ಕಟ್ಟೆ ಒಡೆದದ್ದು ನನ್ನ ಕೆನ್ನೆ ನೋಡಿ. ಎರಡು ವರ್ಷದಿಂದ ಅವರ ನೆನಪಿನಲ್ಲಿ ಅಕ್ಕನೂ ಮಗನೂ ಒಬ್ಬನಿಗಾಗಿ ಒಟ್ಟಿಗೆ ಅತ್ತ ಒಂದು ಗಳಿಗೆ ಇತ್ತು. ಅದನ್ನು ನಾನು ಕಿತ್ತುಕೊಂಡಿದ್ದೆ, ನನ್ನ ಮನಸ್ಸು ಹಗುರವಾಗಲಿ ಅಂತ. ನಿಜ ಹೇಳುವುದರಲ್ಲೂ ಸ್ವಾರ್ಥ ಇರಬಹುದು ಅಂತ ನನಗೆ ಗೊತ್ತಾದದ್ದು ತೆರಕಣಾಂಬಿ ರಸ್ತೆಯಲ್ಲಿ.

"ಹಂಗಾರ ಅವತ್ತು ನೀ ಅಳ್ನೇ ಇಲ್ವಾ?" ಅಂದರು ಕೊನೆಗೆ.

"ಇಲ್ಲ ಅತ್ತೆ."

"ಆಮೇಲೂ?"

"ಇಲ್ಲ."

"ನಿದ್ದ ಬತ್ತಿತ್ತಾ?"

ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಬರುತ್ತಿರಲಿಲ್ಲ ಅಂದೆ. ಆಮೇಲೆ ಯಾರಿಗೂ ಹೇಳದ್ದನ್ನು ಹೇಳಿದೆ. ತಿಥಿ ಮುಗಿಸಿ ಬೆಂಗಳೂರಿಗೆ ಬಂದಮೇಲೆ ಎರಡು ತಿಂಗಳು ನನಗೆ ಫ್ಯಾನ್ ಹಾಕಿಕೊಂಡು ಮಲಗಲು ಆಗುತ್ತಿರಲಿಲ್ಲ. ಬೇಸಿಗೆ, ಹೆಂಡತಿ ಬೆವತು ಎದ್ದು ಸ್ವಿಚ್ ಹಾಕುವಳು. ಮೂರು ಗಂಟೆಗೆ ತಾನಾಗಿ ಎಚ್ಚರವಾಗಿ ನಾನು ಎದ್ದು ಆರಿಸುವೆನು. ರೆಕ್ಕೆ ಪೂರ್ತಿ ನಿಲ್ಲುವವರೆಗೂ ನೋಡುತ್ತ ಕೂತಿರುವೆನು. ಯಾಕೆ ಅಂತ ಅವಳು ಕೇಳಿದರೆ, ಕಣ್ಣು ಒಣಗುತ್ತೆ ಅನ್ನುವೆನು. ನನ್ನ ಕಣ್ಣು ಅಂತ ಅವಳು ತಿಳಿದಿದ್ದಳು.

ಅತ್ತೆ ನನ್ನ ಕಡೆ ತಿರುಗಿದರು. ಎಡಗಣ್ಣು ಎಂದಿನಂತೆ ಸೋರುತ್ತಿತ್ತು. "ಇದ ನಿನ್ ತಂಗಿಗ ಹೇಳಿದ್ದಯಾ?"

"ಇಲ್ಲ."

"ಹೇಳ್ದಲೇ ಇದ್ರ ಅವಳಿಗ ಹೆಂಗ ಗೊತ್ತಾದ್ದು?"

ಅಷ್ಟೇ ಅಂದದ್ದು. ಆಮೇಲೆ ಅರಿಶಿನದ ರೇಟಿನ ಬಗ್ಗೆ ಮಾತು ತೆಗೆದರು.

ಎರಡು ವರ್ಷ ನಾನು ತಪ್ಪು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಕಣ್ಣೀರು ಬಾರದವನು ಕಲ್ಲೆದೆಯವನಾ? ಬಾಟಲಿಯ ಹನಿ ಮೋಸವಾ? ಕಣ್ಣೀರನ್ನು ಸಾಕ್ಷಿ ಅಂತ ಭಾವಿಸಿದಾಗ ಇಂಥ ಪ್ರಶ್ನೆ ಹುಟ್ಟುತ್ತವೆ. ಸಾಕ್ಷಿಯಾಗಿ ಅದು ಬಹಳ ದುರ್ಬಲ. ಈರುಳ್ಳಿ ಅಳಿಸುತ್ತದೆ, ಕಟ್ಟಿಕೊಂಡ ನಾಳ ಅಳಿಸುತ್ತದೆ, ನೂರು ರೂಪಾಯಿಯ ಬಾಟಲಿಯೂ ಕೆನ್ನೆ ಒದ್ದೆ ಮಾಡುತ್ತದೆ. ಯಾರ ಕೆನ್ನೆ ಒಣಗಿದೆ 'ನೋಡು, ಒಂದು ಹನಿ ಹಾಕಲಿಲ್ಲ' ಅಂತ ತೀರ್ಪು ಕೊಡುವ ಹಕ್ಕು ನಮಗೆ ಯಾರಿಗೂ ಇಲ್ಲ. ಈ ಮಾತನ್ನು ನಾನು ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದೆ, ಅದು ಸರಿಯೂ ಹೌದು.

ಆದರೆ ಕಣ್ಣೀರು ಹತ್ತಿರದವರಿಗೆ ಕಳಿಸುವ ಸುದ್ದಿಯೂ ಆಗಿದ್ದರೆ, ಅದು ಬಾರದವನಿಗೆ ಬರೀ ಮಾಫಿ ಸಿಕ್ಕರೆ ಸಾಲದು. ಸುದ್ದಿ ಕಳಿಸುವ ಕೆಲಸ ಅವನ ತಲೆ ಮೇಲೆ ಹಾಗೇ ಉಳಿದಿರುತ್ತದೆ. ಅತ್ತವರು ಬಾಯಿ ಬಿಡದಿದ್ದರೂ ನಡೆಯುತ್ತೆ, ಕೆನ್ನೆ ಹೇಳುತ್ತೆ. ಅಳದವನು ಬಾಯಿಬಿಟ್ಟು ಹೇಳಬೇಕು. ನಮ್ಮಂಥವರು ಇದರಲ್ಲಿ ಬಹಳ ಹಿಂದೆ. ದುಃಖದ ಸುದ್ದಿ ಬಂದರೆ ಅಳುವ ಇಮೋಜಿ ಒತ್ತುತ್ತೇವೆ. ಮನೆಯಲ್ಲಿ ಸಾವಾದರೆ ಆಂಬುಲೆನ್ಸು, ಸರ್ಟಿಫಿಕೇಟು, ಬ್ಯಾಂಕಿನ ಕೆಲಸ ಎಲ್ಲ ಮೈಮೇಲೆ ಹಾಕಿಕೊಂಡು ಓಡಾಡುತ್ತೇವೆ, ಅದನ್ನೇ ಪ್ರೀತಿ ಅಂತ ಅವರು ಅರ್ಥ ಮಾಡಿಕೊಳ್ಳಲಿ ಅಂದುಕೊಳ್ಳುತ್ತೇವೆ. ಓಡಾಡಿದ್ದು ಪ್ರೀತಿಯೇ. ಆದರೆ ಆ ರಾತ್ರಿ ಫೋನಿನ ಆಚೆ ಕಡೆ ತಂಗಿ ಒಬ್ಬಳೇ ಇದ್ದಳು. "ನನಗೂ ಕೈಕಾಲು ನಡುಗ್ತಿದೆ ಕಣೆ, ಆದರೂ ಮೊದಲು ಫ್ಯಾನ್ ಆಫ್ ಮಾಡು" ಅನ್ನುವುದಕ್ಕೆ ಎಷ್ಟು ಸೆಕೆಂಡು ಬೇಕಿತ್ತು?

ಅತ್ತೆಯನ್ನು ಮನೆಗೆ ಬಿಟ್ಟು, ರಾತ್ರಿ ಊಟವಾದ ಮೇಲೆ, ಜಗಲಿಯಲ್ಲಿ ಕೂತು ತಂಗಿಗೆ ಫೋನ್ ಮಾಡಿದೆ. ಆಪರೇಷನ್ನಿನ ವಿಷಯ ಹೇಳಿದೆ, ಡ್ರಾಪ್ಸಿನ ಕತೆ ಹೇಳಿದೆ. ಅವಳು ನಕ್ಕಳು. ಫ್ಯಾನಿನ ಕತೆಗೆ ಬಂದಾಗ ಆ ಕಡೆಯಿಂದ ಸದ್ದೇ ಇಲ್ಲ. ಕಟ್ಟಾಯಿತೇನೋ ಅಂತ ಸ್ಕ್ರೀನ್ ನೋಡಿದೆ. ಸೆಕೆಂಡುಗಳು ಓಡುತ್ತಿದ್ದವು. ಆಮೇಲೆ ಮೂಗು ಏರಿಸಿಕೊಂಡ ಸದ್ದು ಬಂತು.

"ನಾನು ಇಟ್ಟ ಹತ್ತಿ ಅಣ್ಣಾ," ಅಂದಳು, "ತುಂಬ ಒದ್ದೆಯಾಗಿಬಿಟ್ಟಿತ್ತು. ನೀರು ಅಪ್ಪನ ಕೆನ್ನೆ ಮೇಲೆ ಇಳೀತು. ನಾನು ಒರೆಸ್ಲಿಲ್ಲ."

ಅಲ್ಲಿಂದ ಮುಂದೆ ಒಂದು ಗಂಟೆ ಮಾತಾಡಿದೆವು. ನನ್ನ ಕಣ್ಣು ಒಣಗಿಯೇ ಇತ್ತು. ಹತ್ತು ಗಂಟೆಯ ಡ್ರಾಪ್ಸು ಹಾಕಿಕೊಳ್ಳುವಾಗ ಹನ್ನೊಂದಾಗಿತ್ತು.